ಸೊನ್ನೆಯೂ ಉತ್ತರವೇ

ಸಾಲಿಗ್ರಾಮ
೧೨-೬-೧೯೫೬

ಶ್ರೀ ನೀಲಕಂಠಸ್ವಾಮಿಯವರಿಗೆ ನಿಮ್ಮ ಹೆಂಡತಿ ಸರ್ವಮಂಗಳ ಮಾಡುವ ಶರಣು.

ನಿಮ್ಮ ಕಾಗದ ತಲುಪಿತು. ತಪ್ಪಾಯಿತೆಂದು ಎರಡು ಸಾಲು ಬರೆದರೆ ಪಿರಿಯಾಪಟ್ಟಣಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದಿದ್ದೀರಿ. ಬರೆಯುವುದಿಲ್ಲ. ತಪ್ಪು ನನ್ನದಲ್ಲ.

ಆ ಸಂಜೆಯದು ನಿಮಗೆ ಮರೆತಿರಬಹುದು. ನಿಮ್ಮ ಜೊತೆ ಪಾಠ ಹೇಳುವ ರುದ್ರಸ್ವಾಮಿಗಳು ಕಾಫಿಗೆ ಬಂದಿದ್ದರು. ಮದುವೆಯಲ್ಲಿ ನಮ್ಮಪ್ಪನಿಗೆ ಮಾತು ಕೊಟ್ಟಂತೆ ನೀವು ನನ್ನನ್ನು ಎಸ್.ಎಸ್.ಎಲ್.ಸಿ.ಗೆ ತಯಾರು ಮಾಡುತ್ತಿದ್ದಿರಿ. ಅವತ್ತಿನ ಲೆಕ್ಕ ಇಷ್ಟೇ: ಒಂದು ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೂ ಐದರಿಂದ ಗುಣಿಸಿದರೂ ಬರುವುದು ಒಂದೇ. ಅದಕ್ಕೆ ಎಕ್ಸ್ ಎಂದು ಹೆಸರಿಟ್ಟು ಬಿಡಿಸಬೇಕು. ನಾನು ಐದು ಎಂದೂ ಸೊನ್ನೆ ಎಂದೂ ಬರೆದೆ. ನೀವು ಸೊನ್ನೆಯನ್ನು ಕೆಂಪು ಶಾಯಿಯಲ್ಲಿ ಹೊಡೆದು, ಅವರಿಗೆ ತೋರಿಸಿ ನಕ್ಕಿರಿ. “ಎರಡ್ ಕಡೇನೂ ಎಕ್ಸ್‌ನಿಂದ ಭಾಗಿಸು, ಐದು ಬತ್ತದೆ, ಅಷ್ಟೇ ಕಣೇ. ಸೊನ್ನೆ ಅಂದ್ರೆ ಏನೂ ಇಲ್ಲ. ಏನೂ ಇಲ್ದೇ ಇರೋದು ಉತ್ತರ ಆಗ್ತದಾ?”

“ಸೊನ್ನೆ ಇಟ್ಟು ನೋಡಿ ಅಂದ್ರೆ” ಎಂದೆ. ಎರಡನೇ ಸಲ ಅಂದಾಗ ನನ್ನ ನೋಟ್‌ಬುಕ್ಕು ಒಲೆಗೆ ಹೋಯಿತು. ಮರುದಿನ ಬಸ್ಸು ಹತ್ತಿದೆ.

ತವರಿನ ಜಗಲಿಯಲ್ಲಿ ಕೂತು ಒಬ್ಬಳೇ ಓದಿದೆ. ಸಂಖ್ಯೆ ಸಮಚಿಹ್ನೆಯ ಆಚೆಗೆ ದಾಟಿದರೆ ಅದರ ಚಿಹ್ನೆ ಬದಲಾಗುತ್ತದೆ ಎಂದು ನೀವು ಬಾಯಿಪಾಠ ಮಾಡಿಸಿದ್ದಿರಿ. ಯಾಕೆಂದು ಕೇಳಿದರೆ ಸಿಡುಕುತ್ತಿದ್ದಿರಿ. ಆ ಬಾಯಿಪಾಠದ ಹಿಂದಿನ ಅರ್ಥ ಈಗ ತಿಳಿಯಿತು. ಸಮೀಕರಣ ಒಂದು ಪ್ರಶ್ನೆ: ಯಾವ ಸಂಖ್ಯೆಯನ್ನಿಟ್ಟರೆ ಈ ಮಾತು ನಿಜವಾಗುತ್ತದೆ? ಬಿಡಿಸುವುದೆಂದರೆ ಅಂಥ ಸಂಖ್ಯೆಗಳನ್ನೆಲ್ಲ, ಒಂದನ್ನೂ ಕೈಬಿಡದೆ, ಹುಡುಕುವುದು. ಸೊನ್ನೆಯಿಂದ ಭಾಗಿಸುವಂತಿಲ್ಲ; ನೀವು ಎಕ್ಸ್‌ನಿಂದ ಭಾಗಿಸಿದಿರಲ್ಲ, ಅದು ಸೊನ್ನೆಯಲ್ಲವೆಂದು ನಿಮಗೆ ಹೇಳಿದವರು ಯಾರು? ಸೊನ್ನೆಯನ್ನಿಡಿ. ಆ ಕಡೆ ಸೊನ್ನೆ, ಈ ಕಡೆಯೂ ಸೊನ್ನೆ. ಮಾತು ನಿಜ. ಮೇಷ್ಟರು ಹೊಡೆದು ಹಾಕಿದರೂ ನಿಜವೇ.

“ಒಂದ್ ಸೊನ್ನೆಗೋಸ್ಕರ ಗಂಡನ್ ಮನೆ ಬುಟ್ಟು ಬಂದ್ಯಾ ಮಗಾ?” ಎಂದು ಅವ್ವ ಅಳುತ್ತಾಳೆ. ಊಂ ಕಣವ್ವ ಅಂದೆ.

ನೀವೇ ಬನ್ನಿ. ರುದ್ರಸ್ವಾಮಿಗಳನ್ನೂ ಕರೆತನ್ನಿ. ಅವರೆದುರಿಗೆ ಸೊನ್ನೆಯನ್ನಿಟ್ಟು ನೋಡಿ, ಸರಿಯೆಂದು ನಿಮ್ಮ ಕೈಯಾರೆ ಬರೆಯಿರಿ. ನಾನು ಬರುವ ಮಾತು ಆಮೇಲೆ.

ಇಂತಿ,
ಸರ್ವಮಂಗಳ

ಒಂದು ಮಾತು ಉಳಿಯಿತು: ಇಲ್ಲಿಂದಲೇ ಎಸ್.ಎಸ್.ಎಲ್.ಸಿ. ಪರೀಕ್ಷೆ ಬರೆದಿದ್ದೆ, ನಿನ್ನೆ ಫಲಿತಾಂಶ ಬಂತು. ಪಾಸಾಗಿದ್ದೇನೆ. ಮೈಸೂರಿನಲ್ಲಿ ಇಂಟರ್‌ಮೀಡಿಯೆಟ್ ಸೇರಿ ಗಣಿತವನ್ನೇ ಓದುತ್ತೇನೆ. ಅಪ್ಪನಿಗೂ ಅವ್ವನಿಗೂ ಇನ್ನೂ ಹೇಳಿಲ್ಲ. ಯಾಕೋ, ಮೊದಲು ನಿಮಗೇ ಹೇಳಬೇಕೆನ್ನಿಸಿತು.