ಅದು ನಿನ್ನ ಗೆಡ್ಡೆಯಲ್ಲ, ಅಪ್ಪ

ನನ್ನ ಹಟಮಾರಿ ಅಪ್ಪನಿಗೆ,

ಅರಸೀಕೆರೆ ಮನೆಯ ಅಟ್ಟದಿಂದ ಇಳಿಸಿದ ಕೊಬ್ಬರಿ ಕಾಯಿಗಳನ್ನು ಕಿವಿಯ ಹತ್ತಿರ ಅಲ್ಲಾಡಿಸಿ, "ಇನ್ನೂ ಒಣಗಿಲ್ಲ ಕಣೇ, ಸದ್ದೇ ಬರ್ತಿಲ್ಲ" ಎಂದು ಅಷ್ಟನ್ನೂ ಮತ್ತೆ ಮೇಲೆ ಹತ್ತಿಸಿದ್ದೆಯಲ್ಲ, ನೆನಪಿದೆಯಾ? ಒಳಗೆ ಕೊಬ್ಬರಿ ಲೊಡಲೊಡ ಅನ್ನುತ್ತಿತ್ತು. ಕೆಟ್ಟಿದ್ದು ಕಾಯಲ್ಲ, ನಿನ್ನ ಎಡಗಿವಿ. ಕಿವಿಯಿಂದ ಮಿದುಳಿಗೆ ಹೋಗುವ ನರದ ಮೇಲೆ ಗೆಡ್ಡೆ. ಅಲ್ಲಿ ಬೆಳೆಯುವ ಗೆಡ್ಡೆಗಳು ಸಾಮಾನ್ಯವಾಗಿ ಸಾಧು. ನಿನ್ನದು ಮಾತ್ರ ಅಪರೂಪದ ಕ್ಯಾನ್ಸರ್. ಎಲ್ಲದರಲ್ಲೂ ನೀನು ಬೇರೆಯೇ ಅಲ್ಲವಾ! ತೆಗೆದ ಮೇಲೂ ಮತ್ತೆ ಬೆಳೆಯಿತು, ನಿನ್ನನ್ನು ಕರೆದುಕೊಂಡೇ ಹೋಯಿತು.

ಪೆಥಾಲಜಿ ಓದುತ್ತೇನೆ ಎಂದ ದಿನ ಅಮ್ಮ, "ರೋಗಿ ಮುಖಾನೇ ನೋಡ್ದಿರೋರು ಎಂಥಾ ಡಾಕ್ಟ್ರೇ?" ಅಂದಿದ್ದಳು. ನಿಜ, ನಾನು ನೋಡುವುದು ಗಾಜಿನ ಮೇಲಿನ ಗೆಡ್ಡೆಯ ಚೂರುಗಳನ್ನು. ಆಸ್ಪತ್ರೆಯಲ್ಲಿ ಉಳಿದಿದ್ದ ನಿನ್ನ ಚೂರನ್ನೂ ನೋಡಿದ್ದೇನೆ. ಅತ್ತಿದ್ದೇನೆ.

ಹೋದ ವರ್ಷ ಹಗರೆ ಊರಿನ ಸವಿತಾಳ ಆಪರೇಷನ್ನಿನಲ್ಲಿ ತೆಗೆದ ಗೆಡ್ಡೆ ನನ್ನ ಮೇಜಿಗೆ ಬಂತು. ಎಳೆ ಮಗುವಿನ ತಾಯಿ. ಮುಖದ ಸ್ಪರ್ಶ ತಿಳಿಸುವ ನರದಲ್ಲಿ ಗೆಡ್ಡೆ ಬೆಳೆದು ಬಲಗೆನ್ನೆ ಮರಗಟ್ಟಿತ್ತು. ಸೂಕ್ಷ್ಮದರ್ಶಕದಲ್ಲಿ ಒತ್ತೊತ್ತಾದ ಜೀವಕೋಶಗಳು. ನೋಡಿದವರೆಲ್ಲ ಕ್ಯಾನ್ಸರ್ ಅಂದರು, ತಕ್ಷಣ ಕರೆಂಟು, ಅಂದರೆ ವಿಕಿರಣ ಚಿಕಿತ್ಸೆ, ಕೊಡಿಸಬೇಕೆಂದರು. ನನಗೂ ಮೊದಲು ಹಾಗೇ ಕಂಡಿತು, ಥೇಟ್ ನಿನ್ನದೇ... ಆದರೆ ಮನಸ್ಸು ಒಪ್ಪಲಿಲ್ಲ. ನಿನ್ನ ಸ್ಲೈಡು ತರಿಸಿ ಪಕ್ಕದಲ್ಲಿಟ್ಟೆ. ನರದಿಂದ ಹುಟ್ಟಿದ ಕೋಶಗಳನ್ನು ಕಂದು ಬಣ್ಣದಲ್ಲಿ ತೋರಿಸುವ ಒಂದೇ ಪರೀಕ್ಷೆಯನ್ನು ಎರಡಕ್ಕೂ ಮಾಡಿಸಿದೆ. ನಿನ್ನ ಕೋಶಗಳು ನರದಿಂದ ಹುಟ್ಟಿದ ಗುರುತನ್ನೇ ಕಳೆದುಕೊಂಡಿದ್ದವು, ಬಣ್ಣ ಹಿಡಿದದ್ದು ಅಲ್ಲೊಂದು ಇಲ್ಲೊಂದು. ಅವಳವು ಎಲ್ಲವೂ ಗಾಢ ಕಂದು ಬಣ್ಣಕ್ಕೆ ತಿರುಗಿದವು, ಗುರುತು ಉಳಿಸಿಕೊಂಡ ಸಾಧು ಗೆಡ್ಡೆ!

"ಕ್ಯಾನ್ಸರ್ ಅಲ್ಲ" ಎಂದು ಬರೆದಾಗ ಹಿರಿಯ ಸರ್ಜನ್ ಗದರಿದರು: "ತಪ್ಪಾದ್ರೆ ಆ ಮಗೂಗೆ ಯಾರಮ್ಮ ದಿಕ್ಕು?" ರಾತ್ರಿ ನಿದ್ದೆ ಬರಲಿಲ್ಲ, ಆದರೂ ಜಗ್ಗಲಿಲ್ಲ. ಹಟ ಯಾರದ್ದು ಹೇಳು? ಇನ್ನೊಮ್ಮೆ ನೋಡಲು ಬೆಂಗಳೂರಿಗೆ ಕಳಿಸಿದ ಅವಳ ಸ್ಲೈಡಿಗೂ ಕ್ಯಾನ್ಸರ್ ಅಲ್ಲವೆಂದೇ ಉತ್ತರ ಬಂತು. ಲ್ಯಾಬಿನಲ್ಲೇ ಕುಣಿದೆ, ಅಪ್ಪ! ಸರ್ಜನ್ ಸಾಹೇಬರೇ ಎಲ್ಲರಿಗೂ ಕಾಫಿ ತರಿಸಿದರು.

ನಿನ್ನೆ ಮತ್ತೆ ಸ್ಕ್ಯಾನ್ ಮಾಡಿದರು, ಗೆಡ್ಡೆ ಮರಳಿ ಬೆಳೆದ ಸುಳಿವೇ ಇಲ್ಲ. ಸವಿತಾ ಮಗನನ್ನು ಎತ್ತಿಕೊಂಡು ನನ್ನ ಕೋಣೆಗೇ ಬಂದಳು. "ಇವ್ನು ಮುತ್ತು ಕೊಟ್ರೆ ಈಗ ಈ ಕೆನ್ನೆಗೂ ಗೊತ್ತಾಯ್ತೈತೆ ಡಾಕ್ಟ್ರಮ್ಮ" ಅಂದಳು. ನಿನ್ನ ವಿಷಯ ಹೇಳಿದೆ. ನಿನ್ನದನ್ನು ಕಂಡಿದ್ದರಿಂದಲೇ ಇವಳದು ಅದಲ್ಲ ಎಂದು ತಿಳಿಯಿತು ಅಂದೆ. ಅವಳು ಮಗನ ಎರಡೂ ಪುಟ್ಟ ಕೈ ಹಿಡಿದು ಜೋಡಿಸಿ, ನಿನಗೆ ನಮಸ್ಕಾರ ಮಾಡಿಸಿದಳು.

ನಿನ್ನ ಮಗಳು