ಒಂದು ಮೊರ ತವುಡು, ಮಸ್ತಾನ್ ಸಾಬರ ಒಂದು ಕಣ್ಣು

ಮಾರುಕಟ್ಟೆಯಲ್ಲಿ ನ್ಯಾಯವಾದ ಪೈಪೋಟಿ ಉಳಿಯಲೆಂದು ಕಾವಲಿಗೆ ಕೂತಿರುವ ಹಿರಿಯ ಅಧಿಕಾರಿಗಳೇ,

ನಮ್ಮ ಸಣ್ಣ ಆ್ಯಪನ್ನು ದೊಡ್ಡ ಕಂಪನಿಯೊಂದು ನುಂಗಲು ಅನುಮತಿ ಕೊಟ್ಟ ಆದೇಶದಲ್ಲಿ ತಾವು ‘ಇದರಿಂದ ಬಳಕೆದಾರರಿಗೆ ಯಾವುದೇ ನಷ್ಟವಿಲ್ಲ’ ಎಂದು ಬರೆದಿದ್ದೀರಿ. ಆ ನಷ್ಟ ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲೇ ಕೂತಿದೆ, ಬಂದರೆ ತೋರಿಸುತ್ತೇನೆ. ತವುಡಿನ ಅಂಗಡಿಯ ಮಸ್ತಾನ್ ಸಾಬರ ಎಡಗಣ್ಣು ಇದ್ದ ಜಾಗದಲ್ಲಿ ಈಗ ಹೊಲಿಗೆ ಹಾಕಿದ ಚರ್ಮವಿದೆ. ದವಡೆ ಮುರಿದು ಸೊಟ್ಟಗೆ ಕೂಡಿಕೊಂಡಿರುವುದರಿಂದ ಗಂಜಿ ಕುಡಿಸಿದರೆ ಅರ್ಧ ಗಡ್ಡದೊಳಕ್ಕೆ ಇಳಿಯುತ್ತದೆ. ಹಾಗೆ ನೋಡಿದರೆ ನಿಮ್ಮ ಮಾತು ಸುಳ್ಳೇನಲ್ಲ. ಮಸ್ತಾನ್ ಸಾಬರು ಬಳಕೆದಾರರೇ ಅಲ್ಲ. ಅವರ ಜೇಬಿನಲ್ಲಿದ್ದದ್ದು ಗುಂಡಿ ಒತ್ತುವ ಹಳೇ ಫೋನು. ಬಳಕೆದಾರರಿಗೆ ನಷ್ಟವಾಗಲಿಲ್ಲ ಸ್ವಾಮಿ, ಬಳಕೆದಾರರು ಹೊಡೆದರು.

ನಾನು ವಿದ್ಯುತ್ ಮಗ್ಗಗಳ ಬಿಡಿಭಾಗ ಮಾರುವವನು. ದೊಡ್ಡ ದೊಡ್ಡ ಕಾನೂನು ನನಗೆ ಗೊತ್ತಿಲ್ಲ. ಆದರೆ ನಡೆದದ್ದನ್ನು ಮೊದಲಿನಿಂದ ಹೇಳುವಷ್ಟು ಕನ್ನಡ ಬರುತ್ತದೆ. ನನ್ನ ಸಿಟ್ಟು ಇನ್ನೂ ಆರಿಲ್ಲ, ಆರುವುದೂ ಬೇಡ. ಆರಿದ ಮೇಲೆ ಬರೆಯುವ ಪತ್ರಗಳು ನಿಮ್ಮ ಕಚೇರಿಯಲ್ಲಿ ಎಲ್ಲಿಗೆ ಹೋಗುತ್ತವೆ ಎಂದು ಈಗಾಗಲೇ ಕಂಡಿದ್ದೇನೆ.

ನಮ್ಮ ಕಡೆ ಹಳೆಯ ರೂಢಿಯೊಂದಿದೆ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮತ್ತೊಂದು ಹುಟ್ಟಿದರೆ, ಅದನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲಿಟ್ಟು ಬೇರೆಯವರಿಗೆ ‘ಮಾರುತ್ತಾರೆ’. ಕೊಂಡವರು ಎತ್ತಿಕೊಂಡು ನಾಲ್ಕು ಹೆಜ್ಜೆ ಹೋಗುತ್ತಾರೆ. ತಾಯಿ ಹಿಂದೆಯೇ ಹೋಗಿ ಒಂದು ಮೊರ ತವುಡು ಕೊಟ್ಟು ಮಗುವನ್ನು ವಾಪಸು ಕೊಂಡುಕೊಳ್ಳುತ್ತಾಳೆ. ತವುಡಿನ ಬೆಲೆಯ ಮಗುವನ್ನು ಸಾವು ಕೂಡ ಮೂಸಿ ನೋಡುವುದಿಲ್ಲ ಎಂಬ ನಂಬಿಕೆ. ನೀವು ನಗಬಹುದು. ನನ್ನ ತಂಗಿ ಚೈತ್ರ ಎರಡು ಮಕ್ಕಳನ್ನು ಮಣ್ಣು ಮಾಡಿ ಬಂದವಳು. ಮೂರನೆಯದಾಗಿ ಸಿಂಚನ ಹುಟ್ಟಿದಾಗ ಅವಳು ಮಗುವಿನ ಮುಖವನ್ನೇ ನೋಡುತ್ತಿರಲಿಲ್ಲ. ನೋಡಿದರೆ ಆಸೆ ಹುಟ್ಟುತ್ತದೆಂಬ ಭಯ.

ಅದಕ್ಕೇ ನಮ್ಮವ್ವ ಮುನಿಲಕ್ಷ್ಮಮ್ಮ ಮಸ್ತಾನ್ ಸಾಬರ ಅಂಗಡಿಗೆ ಹೋಗಿ, “ಸಾಬ್ರೇ, ಮಗೀನ ನೀವೇ ಕೊಂಡ್ಕೊಬೇಕು. ನಿಮ್ಮನೇಲಿ ಹುಟ್ಟಿದ್ವೆಲ್ಲ ಗಟ್ಟಿಯಾಗಿ ನಿಂತವೆ” ಅಂದಳು. ಅವರು ಒಗೆದ ಬಟ್ಟೆ ತೊಟ್ಟು, ಟೋಪಿ ಸರಿಮಾಡಿಕೊಂಡು ಬಂದರು. ಮಗುವನ್ನು ಎತ್ತಿಕೊಂಡು ನಡೆದರು. ಚೈತ್ರ ಮೊರ ಹಿಡಿದು ಹಿಂದೆ ಓಡಿದಾಗ ತಿರುಗಿ ನಿಂತು, “ಈ ತವುಡು ನನ್ನ ಅಂಗ್ಡೀದೇ ಅಲ್ವೇನಮ್ಮ? ನನ್ನ ಮಾಲು ನನಗೇ ಕೊಡ್ತೀಯಲ್ಲ, ಒಳ್ಳೆ ಯಾಪಾರಸ್ತೆ ಕಣಮ್ಮ ನೀನು” ಅಂದರು. ಚೈತ್ರ ನಕ್ಕಳು. ನಗುತ್ತಲೇ ಅತ್ತಳು, ಮಗುವನ್ನು ಎದೆಗೆ ಒತ್ತಿಕೊಂಡಳು. ನನ್ನ ಹೆಂಡತಿ ಸಿಂಧು ಅದನ್ನೆಲ್ಲ ಫೋನಿನಲ್ಲಿ ಹಿಡಿದು ಮನೆಯವರ ಗುಂಪಿಗೆ ಹಾಕಿದಳು. ಮನೆಯವರ ಗುಂಪು ಅಂದರೆ ಮನೆಯವರದ್ದೇ ಎಂದು ಅವಳು ನಂಬಿದ್ದಳು. ಅದು ತಪ್ಪೇ?

ಆ ನಂಬಿಕೆ ಸುಮ್ಮನೆ ಬಂದದ್ದಲ್ಲ. ದೇವನಹಳ್ಳಿಯ ಕೆಲವು ಹುಡುಗರು ಸೇರಿ ಮಾಡಿದ ‘ಕಟ್ಟೆ’ ಎಂಬ ಆ್ಯಪು ಮೊದಲು ನಮ್ಮ ಕೈಯಲ್ಲಿತ್ತು. ಮಗ್ಗದ ಆರ್ಡರು, ನೀರು ಬಿಡುವ ಹೊತ್ತು, ಸಾವಿನ ಸುದ್ದಿ, ತಪ್ಪಿಸಿಕೊಂಡ ಎಮ್ಮೆ, ಎಲ್ಲವೂ ಅಲ್ಲೇ. ಗುಂಪಿನಲ್ಲಿ ಹಾಕಿದ್ದು ಗುಂಪಿನಿಂದಾಚೆ ಹೋಗುತ್ತಿರಲಿಲ್ಲ. ಹಾಕಿದವರು ಅಳಿಸಿದರೆ ಎಲ್ಲರ ಫೋನಿನಿಂದಲೂ ಅಳಿಯುತ್ತಿತ್ತು. ದೊಡ್ಡ ಕಂಪನಿ ಮೊದಲು ಅದನ್ನು ನಕಲು ಮಾಡಿತು. ಆಮೇಲೆ ಕಟ್ಟೆಯ ಕೊಂಡಿ ಹಾಕಿದ ಬರಹಗಳು ತನ್ನಲ್ಲಿ ಯಾರಿಗೂ ಕಾಣದಂತೆ ಅದುಮಿತು. ಹುಡುಗರು ಬಾಡಿಗೆ ಕಟ್ಟಲಾರದೆ ಏದುಸಿರು ಬಿಡುವಾಗ ಬಂದು ಕೊಂಡುಕೊಂಡಿತು. ವಿಜಯಪುರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಒಬ್ಬನೇ ಬಂದು ಗೂಡು ಕೊಳ್ಳುವ ಉಳಿದ ರೀಲರುಗಳ ಕತ್ತು ಹಿಸುಕಿ, ಗೇಟಿಗೆ ತನ್ನ ಬೀಗ ಜಡಿದರೆ ಬೆಳೆಗಾರರು ಗೂಡು ಎಲ್ಲಿ ಸುರಿಯಬೇಕು? ಇದು ನಿಮಗೆ ಅರ್ಥವಾಗಲೆಂದೇ ನಾವು ಮಗ್ಗದವರೆಲ್ಲ ಸಹಿ ಹಾಕಿ ತಕರಾರು ಕಳಿಸಿದ್ದೆವು. ‘ಸೇವೆ ಉಚಿತವಾಗಿರುವುದರಿಂದ ಬೆಲೆ ಏರಿಕೆಯ ಪ್ರಶ್ನೆ ಉದ್ಭವಿಸುವುದಿಲ್ಲ. ಇಷ್ಟವಿಲ್ಲದವರು ಬಿಟ್ಟುಹೋಗಲು ಸ್ವತಂತ್ರರು’ ಎಂದು ಉತ್ತರ ಬಂತು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು ಎಂದು ನಮ್ಮಲ್ಲಿ ಕೇಳುತ್ತಾರೆ. ನೀವು ಮೇಯಲಿಲ್ಲ, ಅಷ್ಟು ಶ್ರಮವೂ ಪಡಲಿಲ್ಲ. ತಡಿಕೆ ತೆಗೆದು ಪಕ್ಕಕ್ಕೆ ನಿಂತಿರಿ.

ಕೆಲ ದಿನಗಳಲ್ಲಿ ಎಲ್ಲರ ಪರದೆಯ ಮೇಲೂ ‘ಒಪ್ಪಿದೆ’ ಎಂಬ ಹಸಿರು ಗುಂಡಿ ಬಂತು. ‘ಒಪ್ಪುವುದಿಲ್ಲ’ ಎಂಬ ಗುಂಡಿ ಇರಲಿಲ್ಲ. ಇದ್ದದ್ದು ‘ಆಮೇಲೆ’ ಎಂಬುದು. ಆಮೇಲೆ ಅಂದರೆ ನಾಳೆ ಮತ್ತೆ ಅದೇ ಹಸಿರು ಗುಂಡಿ. ಒತ್ತದಿದ್ದರೆ ನಮ್ಮ ಹಳೆಯ ಗುಂಪುಗಳು ತೆರೆಯುವುದಿಲ್ಲ. ಕೊನೆಗೆ ಎಲ್ಲರೂ ಒತ್ತಿದೆವು. ಗುಂಪುಗಳ ಹೆಸರು ಹಾಗೇ ಉಳಿಯಿತು, ಬಾಗಿಲು ಮಾತ್ರ ಕಿತ್ತುಹೋಗಿತ್ತು. ನಮ್ಮ ವಿಡಿಯೊಗಳನ್ನು ಅಪರಿಚಿತರಿಗೆ ತೋರಿಸಲು ನಾವೇ ಅನುಮತಿ ಕೊಟ್ಟಂತೆ ಮೊದಲಿನಿಂದಲೇ ಸ್ವಿಚ್ಚು ಹಾಕಿಟ್ಟಿದ್ದರು. ಅದನ್ನು ಆರಿಸುವ ಜಾಗ ಎಲ್ಲಿದೆಯೆಂದು ಹುಡುಕಲು ನಾನು ಅಂಗಡಿ ಮುಚ್ಚಿ ಕೂರಬೇಕಾಯಿತು.

ಅಷ್ಟರಲ್ಲಿ ಸಿಂಧು ಹಾಕಿದ ವಿಡಿಯೊವನ್ನು ಕಂಪನಿಯ ಯಂತ್ರ ತಾನಾಗಿ ಆರಿಸಿಕೊಂಡು ತಾನಾಗಿ ಕತ್ತರಿಸಿತು. ತಮಾಷೆಯ ಮಾತು ಹೋಯಿತು. ಚೈತ್ರಳ ನಗು ಹೋಯಿತು, ವಾಪಸು ಕೊಂಡದ್ದೂ ಹೋಯಿತು. ತಿಪ್ಪೆಯ ಮೇಲಿಂದ ಕೂಸನ್ನು ಎತ್ತಿಕೊಂಡು ನಡೆದುಹೋಗುವ ಬಿಳಿ ಗಡ್ಡದ ಮುದುಕ ಉಳಿದರು. ಯಾವನೋ ಪುಣ್ಯಾತ್ಮ ಅದಕ್ಕೆ ‘ಮಕ್ಕಳನ್ನು ತವುಡಿಗೆ ಕೊಳ್ಳುವವನು ಇವನೇ, ಎಲ್ಲಿ ಕಂಡರೂ ಬಿಡಬೇಡಿ’ ಎಂದು ಸೇರಿಸಿದ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರಿಗೆ ಬರವೇ? ಸಿಂಧು ತನ್ನದನ್ನು ಅಳಿಸಿದಳು. ನಕಲುಗಳು ಅಳಿಯಲಿಲ್ಲ. ನಾವು ಮನೆಮಂದಿಯೆಲ್ಲ ಕೂತು ದೂರು ಒತ್ತಿದೆವು. ‘ಈ ವಿಡಿಯೊ ನಮ್ಮ ಸಮುದಾಯದ ನಿಯಮಗಳನ್ನು ಉಲ್ಲಂಘಿಸುವುದಿಲ್ಲ’ ಎಂದು ಉತ್ತರ ಬಂತು. ಯಾರ ಸಮುದಾಯ ಅದು? ನಮ್ಮವ್ವ, ಸಾಬರು, ತಿಪ್ಪೆ, ಮೊರ, ತವುಡು ಎಲ್ಲ ಇದ್ದ ಸಮುದಾಯವನ್ನು ತಾನೆ ನೀವು ಸಹಿ ಹಾಕಿ ಒಪ್ಪಿಸಿದ್ದು?

ಆ ವಾರ ಸಾಬರು ತವುಡಿನ ಮೂಟೆ ತರಲು ತಮ್ಮ ಗೂಡ್ಸ್ ಆಟೊದಲ್ಲಿ ನೆಲಮಂಗಲದ ಕಡೆ ಹೋದರು. ಶಿವಗಂಗೆ ನೋಡುತ್ತೇನೆಂದು ಹಟ ಹಿಡಿದ ಪುಟ್ಟ ಮೊಮ್ಮಗಳು ಫಿರ್ದೌಸಳನ್ನು ಜೊತೆಗೆ ಕೂರಿಸಿಕೊಂಡಿದ್ದರು. ಮೂಟೆ ತುಂಬಿಕೊಂಡು ಬರುವಾಗ ಅವಳಿಗೆ ಬನ್ನು ಕೊಡಿಸಲು ಟೀ ಅಂಗಡಿಯೊಂದರ ಮುಂದೆ ನಿಲ್ಲಿಸಿದರು. ಗಡ್ಡ ಕಂಡಿತು, ಮಗು ಕಂಡಿತು, ಸಾಕಾಯಿತು.

ನಾನು ಅದನ್ನು ನೋಡಿದ್ದು ಹೇಗೆ ಗೊತ್ತೇ? ಅಂಗಡಿಯಲ್ಲಿ ಆರ್ಡರು ನೋಡುತ್ತಿದ್ದಾಗ ಕಂಪನಿಯೇ ‘ಇದು ನಿಮಗೆ ಇಷ್ಟವಾಗಬಹುದು’ ಎಂದು ನೇರ ಪ್ರಸಾರವನ್ನು ಮುಂದೆ ತಂದಿಟ್ಟಿತು. ಮೊದಲು ಕುಕ್ಕರಿನ ಜಾಹೀರಾತು. ಅದು ಮುಗಿದ ಮೇಲೆ ಮಸ್ತಾನ್ ಸಾಬರು. ಅವರನ್ನು ಆಟೊದಿಂದ ಗಡ್ಡ ಹಿಡಿದು ಎಳೆದರು. ಟಾರ್ಪಾಲಿನ ಬಿದಿರು ಗಳ ಕಿತ್ತು ಬೆನ್ನಿಗೆ, ಮೊಣಕಾಲಿಗೆ ಬಾರಿಸಿದರು. ಒಬ್ಬ ಜಾಕಿಯ ರಾಡನ್ನು ಬೀಸಿದ್ದು ಮುಖಕ್ಕೆ ಬಿತ್ತು. “ಮೊಮ್ಮಗ್ಳು ಕಣಪ್ಪಾ, ನನ್ನ ಮಗಳ ಮಗು” ಎಂದು ಅವರು ಹೇಳುತ್ತಲೇ ಇದ್ದರು, ಹಲ್ಲು ಉದುರುವವರೆಗೂ. ಒಳಗೆ ಮಕ್ಕಳಿದ್ದಾರೆಂದು ಮೂಟೆಗಳನ್ನು ಕುಡುಗೋಲಿನಿಂದ ಸೀಳಿದರು. ತವುಡು ಸುರಿದು ರಕ್ತದ ಜೊತೆ ಕಲೆಸಿ ಮುಖಕ್ಕೆ ಮೆತ್ತಿಕೊಂಡಿತು. ಬಿದ್ದವರ ಎದೆಯ ಮೇಲೆ ಒಬ್ಬ ಕಾಲಿಟ್ಟು ನಿಂತು ಫೋನಿಗೆ ಮುಖ ತೋರಿಸಿದ. ಟೀ ಅಂಗಡಿಯ ಹೆಂಗಸು ಫಿರ್ದೌಸಳನ್ನು ಗಲ್ಲಾ ಪೆಟ್ಟಿಗೆಯ ಕೆಳಗೆ ತಳ್ಳಿ ತಾನು ಅಡ್ಡ ನಿಲ್ಲದಿದ್ದರೆ ಅದೂ ತುಳಿತದಲ್ಲಿ ಹೋಗುತ್ತಿತ್ತು. ಪರದೆಯ ಕೆಳಗೆ ಕೆಂಪು ಹೃದಯಗಳು ಹಾರುತ್ತಿದ್ದವು. ‘ಇವರು ನಮ್ಮೂರ ಸಾಬರು, ಕಳ್ಳರಲ್ಲ, ದಯವಿಟ್ಟು ಬಿಡಿ’ ಎಂದು ನಾನು ಬರೆದೆ. ಬರೆದದ್ದು ಹೃದಯಗಳ ಅಡಿಯಲ್ಲಿ ಮುಳುಗಿಹೋಯಿತು. ಪೊಲೀಸರಿಗೆ ಫೋನು ಮಾಡಲು ಆ ದೃಶ್ಯವನ್ನು ಮುಚ್ಚಬೇಕಿತ್ತು. ಮುಚ್ಚುವಾಗ ಅವರು ಸತ್ತೇಹೋದರೆಂದೇ ತಿಳಿದೆ.

ಅಂದು ಸಂಜೆ ಆಸ್ಪತ್ರೆಯಿಂದ ಬಂದು ನನ್ನ ಫೋನನ್ನು ಅಂಗಡಿಯ ಕಬ್ಬಿಣದ ಅಡೆಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಜಜ್ಜಿದೆ. ಗಾಜು ಪುಡಿಯಾಗಿ ಅಂಗೈ ಕುಯ್ಯುವವರೆಗೂ ಜಜ್ಜಿದೆ. ಆ ಜಾಕಿ ರಾಡಿನವನ ತಲೆ ಅಲ್ಲಿದ್ದಿದ್ದರೆ ಅದನ್ನೂ ಜಜ್ಜುತ್ತಿದ್ದೆ, ಸುಳ್ಳೇಕೆ ಹೇಳಲಿ? ಬಿಟ್ಟುಹೋಗಲು ಸ್ವತಂತ್ರರು ಎಂದಿರಲ್ಲ, ಬಿಟ್ಟೆ. ಮುಂದಿನ ವಾರವೇ ಹೊಸ ಫೋನು ಕೊಂಡು ಅದೇ ಆ್ಯಪು ಹಾಕಿಕೊಂಡೆ. ಏಕೆಂದರೆ ಮಗ್ಗದವರ ಆರ್ಡರೆಲ್ಲ ಬರುವುದು ಅಲ್ಲೇ. ಗಿರಾಕಿಗಳ ಪಟ್ಟಿ ಅಲ್ಲಿದೆ, ಹೊರಗೆ ತೆಗೆಯಲು ಬಿಡುವುದಿಲ್ಲ. ಬೇರೆ ಕಟ್ಟೆ ಊರಿನಲ್ಲಿ ಉಳಿದಿಲ್ಲ. ಮರ್ಯಾದೆಗೆಟ್ಟು ಮತ್ತೆ ಹಸಿರು ಗುಂಡಿ ಒತ್ತಿದೆ. ಒತ್ತಿದ ಕೂಡಲೇ ಮೊದಲು ಬಂದದ್ದು ಏನು ಎಂದು ಹೇಳಬೇಕೇ?

ಪೊಲೀಸರು ಹಿಡಿದವರಲ್ಲಿ ಒಬ್ಬ ಆವತಿಯ ಹುಡುಗ, ನನ್ನಲ್ಲಿಗೆ ಸಾಮಾನು ಕೊಳ್ಳಲು ಬರುತ್ತಿದ್ದವನು. ಜಾಮೀನಿನ ಮೇಲೆ ಬಂದವನ ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿ, ಯಾಕೋ ಎಂದು ಕೇಳಿದೆ. “ಅಣ್ಣಾ, ದಿನಾ ಬೆಳಗೆದ್ರೆ ಅದೇ ಬರ್ತಿತ್ತು. ನಾನು ಹುಡುಕ್ತಿರ್ಲಿಲ್ಲ, ತಾನೇ ಬರ್ತಿತ್ತು. ಅವ್ರನ್ನ ನೋಡಿದ್ ತಕ್ಷಣ ಗುರುತು ಸಿಕ್ಬಿಡ್ತು” ಅಂದ. ಅವನಿಗೆ ಶಿಕ್ಷೆಯಾಗಲಿ, ಆಗಲೇಬೇಕು. ಕೈ ಅವನದ್ದೇ. ಆದರೆ ದಿನವೂ ಬೆಳಗೆದ್ದು ಆ ಕೈಗೆ ರಾಡು ಕೊಟ್ಟವರ ಮೇಲೆ ಯಾವ ಠಾಣೆಯಲ್ಲಿ ದೂರು ಬರೆಸಬೇಕು? ಕಂಪನಿಯನ್ನು ಕೇಳಿದರೆ ನಾವು ತೋರಿಸಲಿಲ್ಲ, ಶಿಫಾರಸು ಮಾಡಿದೆವು ಅನ್ನುತ್ತಾರೆ. ಅಳಿಯ ಅಲ್ಲ, ಮಗಳ ಗಂಡ.

ಈಗ ತಾವು ತನಿಖಾ ಸಮಿತಿ ಮಾಡುತ್ತೀರೆಂದು ಪತ್ರಿಕೆಯಲ್ಲಿ ಓದಿದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಸಮಿತಿ ನಿಮಗಿರಲಿ. ನುಂಗಿದ್ದನ್ನು ಕಂಪನಿಯಿಂದ ಕಕ್ಕಿಸಿ, ಕಟ್ಟೆಯನ್ನು ಬೇರೆ ಮಾಡಿಸಿ. ನನ್ನ ಮನೆಯ ವಿಡಿಯೊ ಯಾರು ನೋಡಬೇಕೆಂಬ ಸ್ವಿಚ್ಚು ನನ್ನ ಕೈಗೆ ಬರಲಿ, ಮೊದಲಿನಿಂದಲೇ ಆರಿಯೇ ಇರಲಿ. ನಾನು ಅಳಿಸಿದರೆ ಅದರ ನಕಲುಗಳೂ ಸಾಯಲಿ. ನನ್ನ ಗಿರಾಕಿಗಳನ್ನು ಕರೆದುಕೊಂಡು ಬೇರೆ ಆ್ಯಪಿಗೆ ಹೋಗುವ ದಾರಿ ತೆರೆಸಿ. ಆ ದಾರಿ ತೆರೆದ ಮೇಲೆ ಬಿಟ್ಟುಹೋಗಲು ಸ್ವತಂತ್ರರು ಎಂದು ಬರೆಯಿರಿ, ನಾನೇ ಸಹಿ ಹಾಕುತ್ತೇನೆ.

ಇನ್ನೊಂದು ಇದೆ. ಬರುವ ತಿಂಗಳು ಸಿಂಚನಳ ಮುಡಿ ತೆಗೆಸುತ್ತೇವೆ. ಕೊಂಡವರು ಆ ದಿನ ಹೊಸ ಬಟ್ಟೆ ತೊಡಿಸಿ ಮಗುವನ್ನು ತಮ್ಮ ಬಾಗಿಲಿನಿಂದ ನಮ್ಮ ಬಾಗಿಲವರೆಗೆ ಎತ್ತಿಕೊಂಡು ಬರಬೇಕು. ಕರೆಯಲು ಹೋದಾಗ ಚೈತ್ರ ಮಗುವನ್ನು ಅವರ ಮಡಿಲಿಗೆ ಕೊಡಲು ಬಗ್ಗಿದಳು. ಸಾಬರು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಅವರ ಹೆಂಡತಿ ಶಂಶುನ್ನೀಸಾ ಎದ್ದು ಹೋಗಿ ಬಾಗಿಲು ಹಾಕಿ ಚಿಲಕ ಜಡಿದು ಬಂದರು. ಆಗಲೂ ಸಾಬರು ಕೈ ಮುಂದೆ ತರಲಿಲ್ಲ. “ಬ್ಯಾಡಮ್ಮ. ಯಾರಾದ್ರೂ ನೋಡ್ತಾರೆ” ಅಂದರು. ಫಿರ್ದೌಸಳನ್ನೂ ಅವರು ಎತ್ತಿಕೊಳ್ಳುವುದಿಲ್ಲವಂತೆ.

ಆದ್ದರಿಂದ ಆ ದಿನ ತಾವು ಬರಬೇಕು. ತವುಡಿನ ಅಂಗಡಿಯಿಂದ ನಮ್ಮ ಮನೆಗೆ ನಡುವೆ ಇರುವುದು ಒಂದೇ ಬೀದಿ. ಆ ವಿಡಿಯೊ ಇವತ್ತಿಗೂ ಓಡುತ್ತಿದೆ, ಬೀದಿಯಲ್ಲಿ ಎಲ್ಲರ ಕೈಯಲ್ಲೂ ಫೋನಿದೆ. ನೀವು ಮಸ್ತಾನ್ ಸಾಬರ ಪಕ್ಕದಲ್ಲಿ ನಡೆಯಿರಿ. ಅವರು ಎತ್ತಿಕೊಳ್ಳುವುದಿಲ್ಲ, ಮಗುವನ್ನು ನೀವೇ ಎತ್ತಿಕೊಳ್ಳಿ. ನಮ್ಮ ಮನೆಯ ಬಾಗಿಲು ಮುಟ್ಟುವವರೆಗೆ ಒಂದು ಸಲವೂ ಹಿಂತಿರುಗಿ ನೋಡದೆ ನಡೆಯಲು ನಿಮಗೆ ಸಾಧ್ಯವಾದರೆ, ‘ಯಾವುದೇ ನಷ್ಟವಿಲ್ಲ’ ಎಂದು ಬರೆದದ್ದನ್ನು ಹಾಗೇ ಇಟ್ಟುಕೊಳ್ಳಿ.

ಇಂತಿ,
ಈ ಪತ್ರವನ್ನೂ ಅದೇ ಆ್ಯಪಿನಲ್ಲಿ ಹಾಕದೆ ಬೇರೆ ದಾರಿಯಿಲ್ಲದ,
ತವುಡಿಗೆ ಬಿಕರಿಯಾದ ಮಗುವಿನ ಸೋದರಮಾವ
ಬೈರೇಶ್
ದೊಡ್ಡಬಳ್ಳಾಪುರ