ಹಾಂಗ್‌ಕಾಂಗಿನಲ್ಲಿ ಬರಿಗೈ

ನಗಾನೊ, ಜಪಾನ್
೨೫-೫-೧೯೬೯

ಯಜಮಾನರಿಗೆ ಚೆಲುವಮ್ಮನ ನಮಸ್ಕಾರಗಳು.

ಬಂದು ಮೂರು ವಾರವಾಯಿತು. ‘ಸುಖವಾಗಿ ತಲುಪಿದೆ’ ಎಂದು ಒಂದು ಕಾರ್ಡು ಹಾಕಿದ್ದು ಬಿಟ್ಟರೆ ಕಾಗದವೇ ಬರೆಯಲಿಲ್ಲ, ಕ್ಷಮಿಸಿ. ಬರೆಯಲು ಕುಳಿತಾಗಲೆಲ್ಲ ಸಿಟ್ಟು ಬಂದು ಕಾಗದ ಹರಿದು ಹಾಕುತ್ತಿದ್ದೆ. ಮಗಳು ರಾಜಮ್ಮಣ್ಣಿಯ ಕೆಮ್ಮು ನಿಂತಿತೇ? ಅವಳಿಗೆ ಜಡೆ ಹಾಕಲು ಪಕ್ಕದ ಮನೆಯ ದೊಡ್ಡಮಾದಮ್ಮ ದಿನಾ ಬರುತ್ತಾರೆಯೇ?

ಇಲ್ಲಿ ತರಬೇತಿಯ ಕೆಲಸ ಚೆನ್ನಾಗಿದೆ. ಕೊಳ್ಳೇಗಾಲದ ಕಾರ್ಖಾನೆಯಲ್ಲಿ ನಾವು ಕುದಿನೀರಿಗೆ ಬೆರಳದ್ದಿ ರೇಷ್ಮೆಗೂಡಿನ ಎಳೆ ಹುಡುಕುತ್ತೇವಲ್ಲ, ಇಲ್ಲಿ ಅದನ್ನು ಮೆಷೀನೇ ಹುಡುಕುತ್ತದೆ. ನನ್ನ ಬೆಂದ ಬೆರಳುಗಳನ್ನು ನೋಡಿ ಇಲ್ಲಿ ಕಲಿಸುವಾಕೆ ಒಳಗೆ ಹೋಗಿ ಮುಲಾಮು ತಂದುಕೊಟ್ಟಳು.

ಈಗ ಸಿಟ್ಟಿನ ಸಂಗತಿ. ನಮ್ಮ ತಂಡದ ಮುಖ್ಯಸ್ಥ ಪುಟ್ಟಮಲ್ಲಪ್ಪನವರು ಹೊರಡುವ ಮುಂಚೆ ಯಳಂದೂರಿನ ನಮ್ಮ ಮನೆಗೆ ಬಂದು ಉಪ್ಪಿಟ್ಟು ತಿಂದು ಹೋದದ್ದು ನೆನಪಿದೆಯಲ್ಲ? ದಾರಿಖರ್ಚಿಗೆ ತಲಾ ನೂರು ಡಾಲರು ಮಂಜೂರಾಗಿದೆ, ನಗದು ಒಯ್ದರೆ ಜೇಬುಗಳ್ಳರ ಪಾಲು, ಬ್ಯಾಂಕಿನ ಟ್ರಾವೆಲರ್ಸ್ ಚೆಕ್ಕಾದರೆ ಕಳೆದರೂ ಬೇರೆ ಕೊಡುತ್ತಾರೆ ಎಂದರು. ಆಗ ನಾನು, ‘ಆಗಲಿ ಸಾ, ಆದ್ರೆ ನನ್ನ ಚೆಕ್ಕು ನನ್ನ ಹೆಸರಲ್ಲೇ ಇರ್ಲಿ. ಒಂದತ್ತು ಡಾಲರು ಮಾತ್ರ ನೋಟಾಗಿ ಕೈಲಿರ್ಲಿ’ ಎಂದಿದ್ದೆ. ಅವರು ನಕ್ಕರು. ನೀವೂ ನಕ್ಕಿರಿ. ಆಮೇಲೆ ಬೆಂಗಳೂರಿನಲ್ಲಿ ನೋಡಿದರೆ ಮೂವರ ಹಣವೂ ಚೆಕ್ಕಾಗಿ ಅವರೊಬ್ಬರ ಹೆಸರಿಗೇ ಬಂದಿತ್ತು. ‘ಬ್ಯಾಂಕ್‌ನೋರೇ ಒಬ್ರು ಸಾಕು ಅಂದ್ರು ಕಣಮ್ಮ’ ಎಂದರು. ನಂಬಿದೆ.

ಹಾಂಗ್‌ಕಾಂಗಿನಲ್ಲಿ ವಿಮಾನ ಬದಲಿಸಬೇಕಿತ್ತು. ಅಲ್ಲಿನ ಆರೋಗ್ಯಾಧಿಕಾರಿ ನನ್ನ ಕಾಲರಾ ಚುಚ್ಚುಮದ್ದಿನ ಕಾರ್ಡು ತಿರುವಿ ನೋಡಿ, ಒಂದು ಮೊಹರಿಲ್ಲವೆಂದು ನನ್ನನ್ನು ಪಕ್ಕಕ್ಕೆ ನಿಲ್ಲಿಸಿದ. ವಿಮಾನ ಹೊರಡುವ ಹೊತ್ತಾಯಿತು. ಪುಟ್ಟಮಲ್ಲಪ್ಪನವರು ಪೆಟ್ಟಿಗೆ ಎತ್ತಿಕೊಂಡು, ‘ನಾವು ಮುಂದ್ಕೋಯ್ತೀವಿ. ನೀನು ನಾಳೆ ಪ್ಲೇನ್‌ಗೆ ಬಂದ್ಬುಡು’ ಎಂದರು.

‘ಕೈಗೊಂದಿಷ್ಟು ದುಡ್ಡಾದ್ರೂ ಕೊಟ್ಟೋಗಿ ಸಾ.’

‘ದುಡ್ಡೆಲ್ಲಿ ಅದೆ? ಎಲ್ಲಾ ಚೆಕ್ಕು. ನನ್ನ ಸೈನ್ ಇಲ್ದೆ ಬರೀ ಕಾಗ್ದ. ಇವತ್ತು ಭಾನ್ವಾರ, ಬ್ಯಾಂಕು ರಜಾ.’

ನಮ್ಮ ತಂಡದ ಮೂರನೆಯವನು, ಹನೂರಿನ ಮಾದಸ್ವಾಮಿ, ತನ್ನ ಬೂಟು ನೋಡಿಕೊಂಡು ನಿಂತಿದ್ದ. ಇಬ್ಬರೂ ಹೊರಟೇಬಿಟ್ಟರು! ಭಾಷೆ ಬಾರದ ಊರಿನಲ್ಲಿ ಒಂದು ಹೆಣ್ಣನ್ನು, ಒಂದು ಕಾಸೂ ಕೊಡದೆ ಬಿಟ್ಟು ಹೋಗಲು ಕಾಲು ಹೇಗೆ ಬಂತು ಅವರಿಗೆ?

ಮರುದಿನ ಮಧ್ಯಾಹ್ನದವರೆಗೆ ಒಂದು ಬೆಂಚಿನ ಮೇಲಿದ್ದೆ. ಎದುರಿಗೇ ಟೀ ಅಂಗಡಿ. ನನ್ನ ಬಳಿಯಿದ್ದ ಹತ್ತು ರೂಪಾಯಿ ನೋಟು ಹಿಡಿದರೆ ಅಲ್ಲಿನ ಹುಡುಗಿ ಅದನ್ನು ಎರಡೂ ಕಡೆ ನೋಡಿ ವಾಪಸು ಕೊಟ್ಟಳು. ಕೊಳಾಯಿ ನೀರು ಕುಡಿದು ಬಂದು ಕುಳಿತೆ. ಅತ್ತಿತ್ತ ಹೋಗುವವರೆಲ್ಲ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸುತ್ತಿತ್ತು. ಕೊನೆಗೆ ನೆಲ ಒರೆಸುತ್ತಿದ್ದ ಒಬ್ಬ ಮುದುಕ ನನ್ನ ಸೀರೆ, ಕುಂಕುಮ ನೋಡಿ ಹತ್ತಿರ ಬಂದು ತಮಿಳಿನಲ್ಲಿ, ‘ಸಾಪ್ಟಿಯಾಮ್ಮಾ?’ ಎಂದ. ಊಟವಾಯಿತೇ ಎಂದು ಕೇಳಿದ್ದಷ್ಟೆ. ತಮಿಳರೇ ಹೆಚ್ಚಿರುವ ಮಾರ್ಟಳ್ಳಿಯಲ್ಲಿ ಬೆಳೆದವಳಿಗೆ ಆ ಮಾತು ತಿಳಿಯದೆ ಇದ್ದೀತೇ? ಅಲ್ಲಿಯವರೆಗೆ ತಡೆದಿದ್ದ ಅಳು ಬಂದುಬಿಟ್ಟಿತು. ಬನ್ನು, ಟೀ ತಂದುಕೊಟ್ಟ. ನನ್ನ ನೋಟು ಮುಟ್ಟಲಿಲ್ಲ. ಹೆಸರು ಇಬ್ರಾಹಿಂ, ಊರು ಕಾಯಲ್‌ಪಟ್ಟಣ. ತನ್ನ ಮಗಳೂ ನನ್ನ ವಯಸ್ಸಿನವಳು ಎಂದ.

ಅಲ್ಲೇ ಹೊಸ ಚುಚ್ಚುಮದ್ದು ಹಾಕಿ ಕಾರ್ಡಿಗೆ ಮೊಹರು ಒತ್ತಿದ ಮೇಲೆ ವಿಮಾನ ಹತ್ತಿ, ರಾತ್ರಿ ಟೋಕಿಯೋದ ಹೋಟೆಲು ಸೇರಿದೆ. ‘ಬಂದ್ಯಾ? ನೋಡ್ದಾ, ಏನಾಯ್ತು ಈಗ?’ ಎಂದು ಪುಟ್ಟಮಲ್ಲಪ್ಪನವರು ಹಲ್ಲು ಕಿರಿದರು. ನಾನು ಕೂರಲಿಲ್ಲ. ‘ನನ್ನ ಪಾಲು ಈಗ್ಲೇ ಕೊಡಿ. ಕೊಡೋಗಂಟ ನಾನು ಈ ಬಾಗ್ಲು ಬುಟ್ಟು ಕದಲಾಕಿಲ್ಲ’ ಎಂದೆ. ಹೋಟೆಲಿನವರೆಲ್ಲ ನೋಡಿದರು, ನೋಡಲಿ. ಬೆಳಿಗ್ಗೆ ಬ್ಯಾಂಕು ತೆರೆದ ಅರ್ಧ ಗಂಟೆಯಲ್ಲೇ ಬಂದು ರುಜು ಹಾಕಿ ಹಣ ಬಿಡಿಸಿಕೊಟ್ಟರು. ಈಗ ಅದು ನನ್ನ ಸೊಂಟದ ಚೀಲದಲ್ಲೇ ಇದೆ. ಅವರೊಡನೆ ಕೆಲಸದ ಮಾತು ಬಿಟ್ಟರೆ ಬೇರೆ ಮಾತಿಲ್ಲ.

ರಾಜಮ್ಮಣ್ಣಿಗೆ ನನ್ನ ಮುತ್ತು, ಆಶೀರ್ವಾದ. ಚೆನ್ನಾಗಿ ಓದಲಿ, ಯಾರ ಮುಂದೆಯೂ ಕೈಚಾಚದಂತೆ ಬೆಳೆಯಲಿ.

ಇತಿ,
ಚೆಲುವಮ್ಮ

ತಾ.ಕ.: ಇಷ್ಟು ಬರೆದೂ ನಿಜವಾದ ಮಾತು ಬರೆಯಲೇ ಇಲ್ಲ. ಟೋಕಿಯೋದ ಬ್ಯಾಂಕಿನಲ್ಲಿ ಪುಟ್ಟಮಲ್ಲಪ್ಪನವರು ಒಂದು ಕಾಗದ ತೆಗೆದು ನನ್ನ ಮುಂದಿಟ್ಟು, ‘ನನ್ನನ್ಯಾಕಮ್ಮ ಬಯ್ತೀಯ? ನೀನೇ ಬರ್ಕೊಟ್ಟಿದ್ದೀಯಲ್ಲ’ ಎಂದರು. ‘ನನಗೆ ಹಣದ ವ್ಯವಹಾರ ತಿಳಿಯದ ಕಾರಣ ನನ್ನ ಪಾಲನ್ನು ಮುಖ್ಯಸ್ಥರ ಹೆಸರಿನಲ್ಲಿಯೇ ಇಡತಕ್ಕದ್ದು’ ಎಂದಿತ್ತು. ಕೆಳಗೆ ನನ್ನ ಹೆಸರಿನ ರುಜು. ಬರೆದದ್ದು ನೀವು. ರುಜು ಹಾಕಿದ್ದೂ ನೀವೇ. ಹನ್ನೆರಡು ವರ್ಷ ಜೊತೆಯಲ್ಲಿ ಬಾಳಿದವಳಿಗೆ ನಿಮ್ಮ ಕೈಬರಹ ಗೊತ್ತಾಗದೇ? ಪ್ರತಿ ಶನಿವಾರ ಕಾರ್ಖಾನೆಯ ಇಪ್ಪತ್ತೆರಡು ಹೆಂಗಸರಿಗೆ ಕೂಲಿ ಬಟವಾಡೆ ಮಾಡುವವಳು ನಾನು. ಆದರೂ ಪರರ ಎದುರು ‘ಅದು ನಂದೇ ರುಜು’ ಎಂದು ಸುಳ್ಳು ಹೇಳಿ ನಿಮ್ಮ ಮಾನ ಉಳಿಸಿದೆ. ಯಾಕೆ ಹಾಗೆ ಮಾಡಿದಿರಿ ಎಂದು ಬರೆಯಿರಿ. ಅಲ್ಲಿಯವರೆಗೆ ನನ್ನ ಕಾಗದಗಳು ರಾಜಮ್ಮಣ್ಣಿಯ ಹೆಸರಿಗೆ ಬರುತ್ತವೆ.